ಕೂಡಲಾಗದ ಅಂಕಿ

ಶಾಲೆಯ ಕನ್ನಡ ವ್ಯಾಕರಣದ ನಾಮಪದ ಪ್ರಕರಣವನ್ನು ಮರೆಯದವರಿಗೆ ಅದರ ವಿಂಗಡಣೆ ನೆನಪಿರುತ್ತದೆ. ರೂಢನಾಮ, ಅಂಕಿತನಾಮ, ಅನ್ವರ್ಥನಾಮಗಳು ಒಂದು ಸಾಲಿನಲ್ಲಿ ಬರುತ್ತವೆ. ಸಂಖ್ಯಾವಾಚಕ, ಸಂಖ್ಯೇಯವಾಚಕಗಳು ಬೇರೆಯಾಗಿ ನಿಲ್ಲುತ್ತವೆ. ನದಿ ರೂಢನಾಮ, ಕಾವೇರಿ ಅಂಕಿತನಾಮ. ಹತ್ತು ಸಂಖ್ಯಾವಾಚಕ, ಹತ್ತನೆಯ ಸಂಖ್ಯೇಯವಾಚಕ. ಹಾಗಾದರೆ ನಿಮ್ಮ ಊರಿನ ಹೊಲದ ಸರ್ವೆ ನಂಬರ್ ಯಾವ ವರ್ಗಕ್ಕೆ ಸೇರುತ್ತದೆ? ನೋಡಲು ಅದು ಸಂಖ್ಯೆ. ಆದರೆ 112ನೇ ಸರ್ವೆ ನಂಬರಿನ ಹೊಲವು 56ನೇ ಸರ್ವೆ ನಂಬರಿನ ಹೊಲದ ಎರಡರಷ್ಟಿಲ್ಲ. ಎರಡನ್ನೂ ಕೂಡಿದರೆ 168ನೇ ಹೊಲ ಸಿಕ್ಕುವುದಿಲ್ಲ. ಅದು ಅಂಕಿಯ ವೇಷ ತೊಟ್ಟ ಅಂಕಿತನಾಮ. ಅಂಕ ಎಂಬ ಸಂಸ್ಕೃತ ಶಬ್ದಕ್ಕೆ ಗುರುತು, ಕಲೆ ಎಂಬ ಅರ್ಥವೂ ಉಂಟು, ಸಂಖ್ಯಾಚಿಹ್ನೆ ಎಂಬ ಅರ್ಥವೂ ಉಂಟು. ಒಂದೇ ಮಾತಿನ ಈ ಎರಡು ಅರ್ಥಗಳ ನಡುವಿನ ಸಂದಿಯಲ್ಲಿ ಇಂದು ಸಾವಿರಾರು ಕಡತಗಳು ಬಿದ್ದು ಕಾಣೆಯಾಗುತ್ತಿವೆ ಎಂಬುದು ಈ ಲೇಖನದ ವಿಷಯ.

ಸಾಹಿತ್ಯದ ಬ್ಲಾಗಿನಲ್ಲಿ ದತ್ತಾಂಶದ ಮಾತೇಕೆ ಎಂದು ಕೇಳುವವರಿಗೆ ಒಂದು ಸಮಾಧಾನ ಹೇಳಬಹುದು. ದಾಖಲೆಯನ್ನು ಗುರುತಿನಿಂದ ಪತ್ತೆ ಹಚ್ಚುವ ವಿದ್ಯೆ ಕನ್ನಡಿಗರಿಗೆ ಹೊಸದೇನಲ್ಲ. ವಚನದ ಕೊನೆಗೆ ಬರುವ ಅಂಕಿತ ಮಾಡುವುದು ಅದೇ ಕೆಲಸವನ್ನು. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕ. ಹಸ್ತಪ್ರತಿಗಳಲ್ಲಿ ಗುಹೇಶ್ವರ ಎಂದೂ ಗೊಹೇಶ್ವರ ಎಂದೂ ಇದ್ದಾಗ ಸಂಪಾದಕರು ಎರಡೂ ಅಲ್ಲಮನದೇ ಎಂದು ತಿಳಿದು ಮುಂದುವರಿಯುತ್ತಾರೆ. ಶಾಸನಗಳ ವಿಷಯದಲ್ಲೂ ಹೀಗೆಯೇ. ಬಿ. ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಶಾಸನಗಳಿಗೆ ತಾಲೂಕುವಾರು ಸಂಖ್ಯೆ ಕೊಟ್ಟರು. ತಾಳಗುಂದದ ಕದಂಬ ಸ್ತಂಭಶಾಸನ ಏಳನೆಯ ಸಂಪುಟದಲ್ಲಿ ಶಿಕಾರಿಪುರ 176. ಬರಿಯ 176 ಎಂದರೆ ಯಾವ ಶಾಸನವೂ ಅಲ್ಲ. ಸಂಪುಟ, ತಾಲೂಕು, ಕ್ರಮಸಂಖ್ಯೆ ಮೂರೂ ಸೇರಿದಾಗಲೇ ಅದು ಮಯೂರಶರ್ಮನ ಕಥೆ ಹೇಳುವ ಕಲ್ಲು. ವಿದ್ವಾಂಸರಿಗೆ ತಿಳಿದ ಈ ವಿವೇಕ ಯಂತ್ರಕ್ಕೆ ತಾನಾಗಿ ಬರುವುದಿಲ್ಲ. ಯಂತ್ರಕ್ಕೆ ಯಾರಾದರೂ ಹೇಳಬೇಕು: ಇದು ಹೆಸರು, ಲೆಕ್ಕವಲ್ಲ ಎಂದು.

ಆಂಟಾಪ್ ಹಿಲ್‌ನ ಕೇಂದ್ರ ಸರ್ಕಾರಿ ನೌಕರರ ವಸತಿಗಳಲ್ಲಿ ಬಾಳುವ ನಮ್ಮಂಥವರ ಬದುಕು ಈ ಬಗೆಯ ಹೆಸರುಗಳಿಂದಲೇ ನಡೆಯುತ್ತದೆ. ಸೆಕ್ಟರ್ ಒಂದು ಅಂಕಿ, ಕಟ್ಟಡ ಒಂದು ಅಂಕಿ, ಮನೆ ಇನ್ನೊಂದು ಅಂಕಿ, ಪಿನ್‌ಕೋಡ್ 400037. 2004ರ ಜನವರಿ 1ರ ನಂತರ ಸೇವೆಗೆ ಸೇರಿದವರಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯ ಪ್ರಾನ್ ಎಂಬ 12 ಅಂಕಿಗಳ ಗುರುತು. ಅದಕ್ಕೂ ಹಿಂದಿನ ನಿವೃತ್ತರಿಗೆ ಪಿಂಚಣಿ ಪಾವತಿ ಆದೇಶದ್ದೂ 12 ಅಂಕಿ. ಆಧಾರ್ ಕೂಡ 12. ಇವುಗಳಲ್ಲಿ ಒಂದನ್ನಾದರೂ ಯಾರೂ ಎಂದೂ ಕೂಡಿಲ್ಲ, ಕಳೆದಿಲ್ಲ, ಸರಾಸರಿ ತೆಗೆದಿಲ್ಲ. ಆದರೂ ಅವುಗಳನ್ನು ದಾಖಲಿಸುವ ಗುಮಾಸ್ತನಾಗಲಿ ತಂತ್ರಾಂಶ ಬರೆಯುವ ಗುತ್ತಿಗೆದಾರನಾಗಲಿ ಅಂಕಿ ಕಂಡ ಕೂಡಲೇ ಸಂಖ್ಯೆ ಎಂದು ಬರೆದುಬಿಡುತ್ತಾನೆ.

ಇಲ್ಲಿ ಸ್ವಲ್ಪ ಯಂತ್ರದ ಒಳಗಿನ ಮಾತು ಬೇಕು. ದತ್ತಸಂಚಯದಲ್ಲಿ ಪ್ರತಿಯೊಂದು ಕಂಬಸಾಲಿಗೂ ಒಂದು ಜಾತಿ ಇರುತ್ತದೆ: ಪೂರ್ಣಾಂಕ, ದಶಮಾಂಶ, ದಿನಾಂಕ, ಪಠ್ಯ. ದಾಖಲೆಯನ್ನು ಕೇಳುವ ಪ್ರಶ್ನೆ ನಮ್ಮ ಕಚೇರಿಯ ಅಚ್ಚಾದ ನಮೂನೆಯಂತೆ. ‘ಈ ಕೆಳಗಿನ ಗುರುತಿನ ದಾಖಲೆಯನ್ನು ಕೊಡತಕ್ಕದ್ದು’ ಎಂದು ಮೊದಲೇ ಬರೆದಿಟ್ಟು, ಗುರುತಿನ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ. ಆ ಖಾಲಿ ಜಾಗಕ್ಕೆ ಪ್ಯಾರಾಮೀಟರ್ ಎಂದು ಹೆಸರು. ಅದರಲ್ಲಿ ತುಂಬುವ ಮೌಲ್ಯಕ್ಕೂ ಒಂದು ಜಾತಿ ಇರುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಕಣ್ಣಿಗೆ 12 ಒಂದೇ. ಆದರೆ ಪೂರ್ಣಾಂಕವಾದ 12 ಬೇರೆ, ‘1’ ಮತ್ತು ‘2’ ಎಂಬ ಎರಡು ಅಕ್ಷರಗಳ ಸಾಲು ಬೇರೆ. ಮೊದಲನೆಯದರಲ್ಲಿ 012 ಎಂದು ಬರೆದರೂ ಅದು 12. ಎರಡನೆಯದರಲ್ಲಿ 012 ಮತ್ತು 12 ಎರಡು ಬೇರೆ ಬೇರೆ ಹೆಸರುಗಳು.

ಕಂಬಸಾಲು ಪಠ್ಯವಾಗಿದ್ದು ಪ್ರಶ್ನೆಯ ಖಾಲಿ ಜಾಗದಲ್ಲಿ ಪೂರ್ಣಾಂಕ ಬಂದರೆ ಏನಾಗುತ್ತದೆ? ಇಲ್ಲಿ ಒಂದೊಂದು ದತ್ತಸಂಚಯದ ಸ್ವಭಾವ ಒಂದೊಂದು ತೆರ, ಮತ್ತು ನನಗೆ ಆ ಸ್ವಭಾವಭೇದ ಕಾದಂಬರಿಯ ಪಾತ್ರಗಳಷ್ಟೇ ಆಸಕ್ತಿಕರವಾಗಿ ಕಾಣುತ್ತದೆ. ಮೈಎಸ್‌ಕ್ಯೂಎಲ್ ಬಹಳ ಉಪಕಾರಿ. ಎರಡನ್ನೂ ದಶಮಾಂಶ ಸಂಖ್ಯೆಗಳಾಗಿ ಮಾರ್ಪಡಿಸಿ ಹೋಲಿಸುತ್ತದೆ. ಪಠ್ಯದ ಆರಂಭದಲ್ಲಿ ಎಷ್ಟು ಅಂಕಿ ಸಿಕ್ಕುತ್ತದೋ ಅಷ್ಟನ್ನು ಹಿಡಿದು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಒರಾಕಲ್ ಕೂಡ ಪಠ್ಯವನ್ನು ಸಂಖ್ಯೆಯಾಗಿಸಲು ಹೊರಡುತ್ತದೆ, ಆದರೆ ಸಂಖ್ಯೆಯಾಗದ ಮೊದಲ ಸಾಲು ಎದುರಾದಾಗ ಅಮಾನ್ಯ ಸಂಖ್ಯೆ ಎಂದು ದೂರಿ ನಿಂತುಬಿಡುತ್ತದೆ. ಪೋಸ್ಟ್‌ಗ್ರೆಸ್ ಮೊದಲೇ ನಿರಾಕರಿಸುತ್ತದೆ: ಪಠ್ಯವನ್ನು ಪೂರ್ಣಾಂಕದೊಡನೆ ಹೋಲಿಸುವ ಕ್ರಿಯೆಯೇ ನನ್ನಲ್ಲಿಲ್ಲ, ಯಾವುದನ್ನು ಯಾವುದಾಗಿ ಮಾರ್ಪಡಿಸಬೇಕೆಂದು ನೀವೇ ಹೇಳಿ ಎನ್ನುತ್ತದೆ. ಹಿಂದೆ ಅದೂ ಸಡಿಲವಾಗಿತ್ತು. 2008ರಲ್ಲಿ ಬಂದ 8.3ನೆಯ ಆವೃತ್ತಿಯಿಂದ ಬಿಗಿಯಾಯಿತು, ಅದುವರೆಗೆ ನಡೆಯುತ್ತಿದ್ದ ಪ್ರಶ್ನೆಗಳು ನಿಂತು ಅನೇಕರು ಗೊಣಗಿದರು. ನನ್ನ ಒಲವು ಈ ಬಿಗಿಯ ಕಡೆಗೆ. ಅರ್ಥವಾಗದ ಪ್ರಶ್ನೆಗೆ ಏನೋ ಒಂದು ಉತ್ತರ ಕೊಟ್ಟು ಕಳಿಸುವ ಗುಮಾಸ್ತನಿಗಿಂತ ‘ಅರ್ಜಿ ಸರಿಯಾಗಿ ತುಂಬಿ ತನ್ನಿ’ ಎಂದು ಹಿಂದಿರುಗಿಸುವವನು ಆ ಕ್ಷಣಕ್ಕೆ ಸಿಟ್ಟು ತರಿಸಿದರೂ ಕೊನೆಗೆ ನಮ್ಮ ಆಸ್ತಿಯನ್ನು ಉಳಿಸುವವನು ಅವನೇ.

ಆಸ್ತಿ ಎಂದದ್ದು ಅಲಂಕಾರಕ್ಕಲ್ಲ. ಮುಂಬಯಿಯ ಕನ್ನಡಿಗರಲ್ಲಿ ಊರಿನಲ್ಲಿ ಒಂದಿಷ್ಟು ಹಿರಿಯರ ನೆಲ ಉಳಿಸಿಕೊಂಡವರು ಬಹಳ ಮಂದಿ. ಆ ನೆಲದ ಸರ್ವೆ ನಂಬರಿಗೂ ಈ ನಗರಕ್ಕೂ ಹಳೆಯ ನಂಟಿದೆ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಪುಣೆ ಜಿಲ್ಲೆಯ ಇಂದಾಪುರದಲ್ಲಿ 1830ರ ದಶಕದಲ್ಲಿ ಆರಂಭಿಸಿ, 1847ರ ಜಂಟಿ ವರದಿಯಲ್ಲಿ ವ್ಯವಸ್ಥೆಗೊಳಿಸಿದ ಬೊಂಬಾಯಿ ಸರ್ವೆ ಪದ್ಧತಿಯೇ ಧಾರವಾಡ, ಬೆಳಗಾವಿ, ವಿಜಯಪುರ ಸೀಮೆಗಳ ಹೊಲಗಳಿಗೆ ಸಂಖ್ಯೆ ಕೊಟ್ಟಿತು; ಮೈಸೂರು ಸಂಸ್ಥಾನವೂ 1863ರಿಂದ ಅದೇ ಪದ್ಧತಿಯನ್ನು ಹಿಡಿಯಿತು. ಹೊಲ ಅಣ್ಣತಮ್ಮಂದಿರಲ್ಲಿ ಹಂಚಿಹೋದಂತೆ ಸರ್ವೆ ನಂಬರಿನ ಕೆಳಗೆ ಹಿಸ್ಸೆಗಳು ಹುಟ್ಟಿದವು: 12 ಹೋಗಿ 12/1, 12/2, ಅವು ಮತ್ತೆ ಒಡೆದು 12/1ಅ, 12/1ಬ. ಇವುಗಳಲ್ಲಿ ಒಂದೊಂದು ಓರೆಗೆರೆಯ ಹಿಂದೆ ಒಂದೊಂದು ಪಾಲುಪಟ್ಟಿ, ಎಷ್ಟೋ ಕಡೆ ಒಂದೊಂದು ಜಗಳ. ಆ ಗೆರೆ ಭಾಗಾಕಾರದ ಚಿಹ್ನೆಯಲ್ಲ, ಮನೆ ಒಡೆದ ಗುರುತು.

ಈಗ ಒಂದು ಕೋಷ್ಟಕವನ್ನು ಕಲ್ಪಿಸಿಕೊಳ್ಳಿ. ಗುರುತಿನ ಕಂಬಸಾಲು ಪಠ್ಯ. ಅದರಲ್ಲಿ 12, 12/1, 12/2, 12/ಅ ಎಂಬ ನಾಲ್ಕು ದಾಖಲೆಗಳಿವೆ, ನಾಲ್ವರು ಮಾಲಿಕರಿದ್ದಾರೆ. ‘12’ ಎಂಬ ಪಠ್ಯವನ್ನು ಪ್ಯಾರಾಮೀಟರಾಗಿ ಕೊಟ್ಟರೆ ಒಂದೇ ದಾಖಲೆ ಬರುತ್ತದೆ. 12 ಎಂಬ ಪೂರ್ಣಾಂಕವನ್ನು ಕೊಟ್ಟು ಮೈಎಸ್‌ಕ್ಯೂಎಲನ್ನು ಕೇಳಿದರೆ ನಾಲ್ಕೂ ಬರುತ್ತವೆ, ಏಕೆಂದರೆ ಓರೆಗೆರೆಯಿಂದ ಮುಂದಿನದನ್ನು ಅದು ಓದುವುದೇ ಇಲ್ಲ. ಎಚ್ಚರಿಕೆಯ ಟಿಪ್ಪಣಿಯೊಂದನ್ನು ಒಳಗೆ ಬರೆದಿಡುತ್ತದೆ, ನಿಜ. ಅದನ್ನು ಓದುವವರು ಯಾರು? ತೋರಿಸುವ ಪರದೆ ಮೊದಲ ಸಾಲನ್ನಷ್ಟೇ ತೋರಿಸುವಂತೆ ಬರೆದಿದ್ದರೆ ಕೇಳಿದವನಿಗೆ ಯಾರದೋ ಪಾಲು ಕಾಣುತ್ತದೆ, ಮತ್ತು ಅದು ತನ್ನದೇ ಎಂದು ಅವನು ನಂಬುತ್ತಾನೆ. ಇದು ಓದುವ ಪ್ರಶ್ನೆಯ ಮಾತು. ತಿದ್ದುವ ಪ್ರಶ್ನೆಯಲ್ಲಿ ಹೊಸ ಆವೃತ್ತಿಗಳು ರೂಢಿಯಂತೆ ತಡೆದು ದೋಷ ತೋರಿಸುತ್ತವೆ. ಆದರೆ ಆ ಕಟ್ಟುನಿಟ್ಟನ್ನು ಸಡಿಲಿಸಿ ಇಟ್ಟ ಕಡೆ ಒಬ್ಬನ ಖಾತೆಗೆ ಬರೆಯಹೊರಟದ್ದು ನಾಲ್ವರ ಖಾತೆಗೂ ಬಿದ್ದುಬಿಡುತ್ತದೆ. ದಾಯಾದಿಗಳ ನಡುವೆ ಇಂಥದೊಂದು ಬಿದ್ದರೆ ಎಷ್ಟು ವರ್ಷದ ವ್ಯಾಜ್ಯ ಎಂಬುದನ್ನು ಊರು ಬಿಟ್ಟು ಬಂದವರಿಗೆ ವಿವರಿಸಬೇಕಾಗಿಲ್ಲ.

ಇನ್ನೂ ಕೆಟ್ಟದ್ದು, ಓರೆಗೆರೆಯ ಬದಲು ಚುಕ್ಕೆ ಹಾಕಿ ದಶಮಾಂಶದ ಕಂಬಸಾಲಿನಲ್ಲಿ ತುಂಬುವ ಅಭ್ಯಾಸ. 10.1 ಮತ್ತು 10.10 ಸಂಖ್ಯೆಗಳಾಗಿ ಒಂದೇ. ಹೊಲಗಳಾಗಿ ಒಂದು ಮೊದಲನೆಯ ಹಿಸ್ಸೆ, ಇನ್ನೊಂದು ಹತ್ತನೆಯದು. ನಡುವೆ ಎಂಟು ಮನೆಗಳಿವೆ.

ಕರ್ನಾಟಕದ ‘ಭೂಮಿ’ ಯೋಜನೆಯ ಬಗ್ಗೆ ಇಲ್ಲಿ ಒಂದು ಒಳ್ಳೆಯ ಮಾತು ಹೇಳಬೇಕು. ಸುಮಾರು 67 ಲಕ್ಷ ಭೂಮಾಲಿಕರ ಸುಮಾರು 2 ಕೋಟಿ ಪಹಣಿಗಳನ್ನು ಈ ಶತಮಾನದ ಆರಂಭದ ಹೊತ್ತಿಗೆ ಗಣಕಕ್ಕೆ ಏರಿಸಿ, ಕೈಬರಹದ ಪಹಣಿಯ ಮಾನ್ಯತೆಯನ್ನೇ ತೆಗೆದುಹಾಕಿದ ಸಾಹಸ ಅದು. ಅದರ ಜಾಲತಾಣದಲ್ಲಿ ಪಹಣಿ ಹುಡುಕುವವರು ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮಗಳನ್ನು ಆರಿಸಿದ ಮೇಲೆ ಸರ್ವೆ ನಂಬರನ್ನು ಒಂದು ಮನೆಯಲ್ಲಿ, ಸರ್‌ನಾಕ್ ಎಂಬುದನ್ನು ಇನ್ನೊಂದರಲ್ಲಿ, ಹಿಸ್ಸಾ ನಂಬರನ್ನು ಮತ್ತೊಂದರಲ್ಲಿ ಸೂಚಿಸಬೇಕು. ಮೊದಲ ಸಲ ನೋಡಿದವರಿಗೆ ಇದು ಕಿರಿಕಿರಿ. ಸರ್‌ನಾಕ್ ಎಂಬಲ್ಲಿ ಬರಿಯ ನಕ್ಷತ್ರಚಿಹ್ನೆ ಕಂಡು ಕಕ್ಕಾಬಿಕ್ಕಿಯಾದವರೂ ಉಂಟು. ಆದರೆ ತತ್ತ್ವ ಸರಿಯಾದದ್ದು. ಓರೆಗೆರೆಯನ್ನು ಯಂತ್ರ ಊಹಿಸಿ ಒಡೆಯುವ ಪ್ರಮೇಯವೇ ಇಲ್ಲಿಲ್ಲ. ರೈಸ್ ಅವರ ಶಾಸನಗಳಂತೆ ಗುರುತಿನ ಅಂಗಗಳು ಪ್ರತ್ಯೇಕವಾಗಿ ನಿಂತಿವೆ. ಕೇಂದ್ರ ಸರ್ಕಾರದ ಇ-ಆಫೀಸ್ ಕೂಡ ಒಂದು ಕಡತಕ್ಕೆ ಎರಡು ಗುರುತು ಕೊಡುತ್ತದೆ: ಯಂತ್ರಕ್ಕಾಗಿ ಅಂಕಿ ಮಾತ್ರದ ಗಣಕ ಸಂಖ್ಯೆ, ಮನುಷ್ಯರಿಗಾಗಿ ಅಕ್ಷರ, ಓರೆಗೆರೆ, ವರ್ಷಗಳೆಲ್ಲ ಕೂಡಿದ ಕಡತ ಸಂಖ್ಯೆ. ಯಾವುದನ್ನು ಯಾವ ಮನೆಯಲ್ಲಿ ತುಂಬಬೇಕೆಂಬ ಗೊಂದಲ ಅಲ್ಲಿ ಏಳುವುದು ಕಡಿಮೆ.

ತೊಂದರೆ ಹುಟ್ಟುವುದು ಈ ದೊಡ್ಡ ವ್ಯವಸ್ಥೆಗಳ ಒಳಗೆ ಅಲ್ಲ, ಒಂದರಿಂದ ಇನ್ನೊಂದಕ್ಕೆ ಪಟ್ಟಿ ಸಾಗಿಸುವ ದಾರಿಯಲ್ಲಿ. ಆ ದಾರಿಯ ಹೆಸರು ಎಕ್ಸೆಲ್. ನಮ್ಮ ಸೆಕ್ಟರಿನ ಹಿರಿಯರೊಬ್ಬರು ಊರಿನ ಜಮೀನುಗಳ ಪಟ್ಟಿಯನ್ನು ತಮ್ಮನ ಮಗನಿಂದ ಬೆರಳಚ್ಚು ಮಾಡಿಸಿ ತರಿಸಿಕೊಂಡಿದ್ದರು. 112/3 ಇದ್ದಂತೆಯೇ ಇತ್ತು; 12/1 ಇದ್ದದ್ದು ಜನವರಿ 12 ಆಗಿತ್ತು, 10/2 ಫೆಬ್ರವರಿ 10. ಹಬ್ಬದ ಪಟ್ಟಿಯೋ ಹೊಲದ ಪಟ್ಟಿಯೋ ಎಂದು ಅವರು ನಕ್ಕರು. ನಗು ಬರುವ ಸಂಗತಿ ಅಷ್ಟಕ್ಕೇ ಮುಗಿಯುತ್ತದೆ. ಎಕ್ಸೆಲ್ ದಿನಾಂಕವನ್ನು ಒಳಗೆ ಒಂದು ದಿನಗಣನೆಯಾಗಿ ಇಡುತ್ತದೆ. 2025ರಲ್ಲಿ ಕುಳಿತು 12/1 ಎಂದು ಒತ್ತಿದರೆ ಒಳಗೆ ಉಳಿಯುವುದು 45669. ಆಮೇಲೆ ಯಾರಾದರೂ ಆ ಕಂಬಸಾಲನ್ನು ಪಠ್ಯವೆಂದು ಬದಲಿಸಿದರೆ 12/1 ಹಿಂತಿರುಗುವುದಿಲ್ಲ, 45669 ಎದ್ದು ಬರುತ್ತದೆ. ಮಹಾರಾಷ್ಟ್ರದ ನೆಲದ ದಾಖಲೆಗೆ ಸಾತ್-ಬಾರಾ ಎಂದೇ ಹೆಸರು, ಗ್ರಾಮ ನಮೂನೆ 7 ಮತ್ತು 12 ಸೇರಿದ್ದಕ್ಕೆ. ಅದನ್ನು 7/12 ಎಂದು ಒಂದು ಕೋಶದಲ್ಲಿ ಬರೆದು ನೋಡಿ, ಡಿಸೆಂಬರ್ 7 ಎಂದು ಉತ್ತರ ಬರುತ್ತದೆ.

12 ಅಂಕಿಯ ಗುರುತುಗಳ ಗತಿಯೂ ಹೆಚ್ಚು ಭಿನ್ನವಲ್ಲ. ಸಾಮಾನ್ಯ ಕೋಶದಲ್ಲಿ 11 ಅಂಕಿಯವರೆಗೆ ಪೂರ್ತಿ ಕಾಣುತ್ತದೆ. 12 ಆದೊಡನೆ ವೈಜ್ಞಾನಿಕ ಸಂಕ್ಷೇಪಕ್ಕೆ ತಿರುಗಿ, ಹತ್ತರ ಹನ್ನೊಂದನೇ ಘಾತ ಎಂಬ ಮುದ್ದೆಯಾಗುತ್ತದೆ. ಆ ಸ್ಥಿತಿಯಲ್ಲೇ ಅದನ್ನು ಅಲ್ಪವಿರಾಮದ ಪಠ್ಯಕಡತವಾಗಿ ಉಳಿಸಿದರೆ ಕಡತಕ್ಕೆ ಹೋಗುವುದು ಕಣ್ಣಿಗೆ ಕಂಡದ್ದು, ಒಳಗಿದ್ದದ್ದಲ್ಲ. ಒಂದು ಕಚೇರಿಯಿಂದ ಹೀಗೆ ಬಂದ ಬಾಕಿ ವೇತನದ ಪಟ್ಟಿಯೊಂದರಲ್ಲಿ ಸಿಬ್ಬಂದಿಯೆಲ್ಲರ ಪ್ರಾನ್ ಒಂದೇ ಆಗಿದ್ದುದನ್ನು ನಾನು ಕಂಡಿದ್ದೇನೆ. ಅದ್ವೈತ ಅಷ್ಟು ಸುಲಭದಲ್ಲಿ ಸಿದ್ಧಿಸಬಾರದು. 16 ಅಂಕಿ ಬಂದರೆ ಇನ್ನೊಂದು ಬಗೆ. ಎಕ್ಸೆಲ್ 15 ಸಾರ್ಥಕ ಅಂಕಿಗಳನ್ನಷ್ಟೇ ಹಿಡಿಯುವುದರಿಂದ ಆಧಾರ್‌ನ 16 ಅಂಕಿಯ ತಾತ್ಕಾಲಿಕ ಗುರುತಿನ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಜಾಲತಾಣಗಳ ಭಾಷೆಯಾದ ಜಾವಾಸ್ಕ್ರಿಪ್ಟ್ 9007199254740991 ದಾಟಿದ ಪೂರ್ಣಾಂಕಗಳನ್ನು ತನ್ನ ಸಾಮಾನ್ಯ ಸಂಖ್ಯಾರೂಪದಲ್ಲಿ ನಿಖರವಾಗಿ ಹಿಡಿಯಲಾರದು. ಅದಕ್ಕಾಗಿಯೇ ಟ್ವಿಟರ್ 2010ರಲ್ಲಿ ಪ್ರತಿ ಸಂದೇಶದ ಗುರುತನ್ನು ಸಂಖ್ಯೆಯಾಗಿ ಒಮ್ಮೆ, ಪಠ್ಯವಾಗಿ ಇನ್ನೊಮ್ಮೆ ಕೊಡಲಾರಂಭಿಸಿತು. ವಂಶವಾಹಿ ವಿಜ್ಞಾನಿಗಳಂತೂ ಕೈಚೆಲ್ಲಿದರು. ‘ಸೆಪ್ಟ್1’, ‘ಮಾರ್ಚ್1’ ಎಂಬ ವಂಶವಾಹಿಗಳ ಹೆಸರು ಎಕ್ಸೆಲ್‌ನಲ್ಲಿ ದಿನಾಂಕವಾಗುವುದನ್ನು ತಡೆಯಲಾಗದೆ 2020ರಲ್ಲಿ ಅವುಗಳ ಹೆಸರನ್ನೇ ‘ಸೆಪ್ಟಿನ್1’, ‘ಮಾರ್ಚ್‌ಎಫ್1’ ಎಂದು ಬದಲಿಸಿದ್ದನ್ನು ನಾಮಕರಣ ಸಮಿತಿ ಪ್ರಕಟಿಸಿತು. ಯಂತ್ರದ ಅಜ್ಞಾನಕ್ಕೆ ಮನುಷ್ಯನ ನಿಘಂಟು ಬಾಗಿದ್ದು ನನಗೆ ಇಷ್ಟವಾಗಲಿಲ್ಲ, ಆದರೆ ಅವರಿಗೆ ಬೇರೆ ದಾರಿ ಇತ್ತೆಂದೂ ತೋರುವುದಿಲ್ಲ.

ಸೊನ್ನೆಯ ಕಥೆ ಬೇರೆಯೇ. ಭಾರತದ ಪಿನ್‌ಕೋಡ್ 1972ರ ಆಗಸ್ಟ್ 15ರಂದು ಬಂದಾಗ ಮೊದಲ ಅಂಕಿಯಾಗಿ ಸೊನ್ನೆ ಇರಲಿಲ್ಲ. ಆಧಾರ್ ಕೂಡ 0 ಅಥವಾ 1ರಿಂದ ಆರಂಭವಾಗುವುದಿಲ್ಲ. ಆದ್ದರಿಂದ ನಮ್ಮಲ್ಲಿ ಮುಂದಿನ ಸೊನ್ನೆ ಉದುರುವ ನೋವು ಅಷ್ಟಾಗಿ ತಟ್ಟಿಲ್ಲ. ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಕನ್ನಡ ಸಂಸಾರಗಳಿಗೆ ತಟ್ಟಿದೆ. 08817 ಎಂಬ ವಿಳಾಸಸಂಖ್ಯೆ ಯಾರದೋ ಪಟ್ಟಿಯಲ್ಲಿ 8817 ಆಗಿ, ಸಂಘದ ಪತ್ರಿಕೆ ತಲಪದೆ ಹೋಗುವುದು ಅಲ್ಲಿಯ ಹಳೆಯ ರಗಳೆ. ನಮಗೆ ತಟ್ಟುವುದು ಬ್ಯಾಂಕಿನಲ್ಲಿ. ಶಾಖೆಯ ಸಂಖ್ಯೆಯಿಂದ ಆರಂಭವಾಗುವ ಖಾತೆಗಳಲ್ಲಿ ಮುಂದಿನ ಸೊನ್ನೆ ಉದುರಿದರೆ ಖಾತೆ ಇಲ್ಲ ಎಂಬ ಉತ್ತರ ಬರುತ್ತದೆ. 11 ಅಕ್ಷರಗಳ ಐಎಫ್‌ಎಸ್‌ಸಿ ಸಂಕೇತದಲ್ಲಿ ಐದನೆಯದು ಸೊನ್ನೆ, ಆಂಗ್ಲದ ‘ಓ’ ಅಲ್ಲ. ಇದನ್ನು ತಪ್ಪಿ ಬರೆದವರ ಸಂಖ್ಯೆ ಸಣ್ಣದಿರಲಾರದು. ಕರಾವಳಿಯಿಂದ ಬಂದವರ ಮನೆಗಳಲ್ಲಿ ವಿಜಯಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು, ಕಾರ್ಪೊರೇಶನ್ ಬ್ಯಾಂಕುಗಳ ಹಳೆಯ ಪಾಸ್‌ಪುಸ್ತಕಗಳು ಇನ್ನೂ ಸಿಕ್ಕಾವು. 2019 ಮತ್ತು 2020ರ ಏಪ್ರಿಲ್ 1ರ ವಿಲೀನಗಳಲ್ಲಿ ಅವುಗಳ ಫಲಕಗಳು ಇಳಿದವು. ವಿಜಯಾ ಬ್ಯಾಂಕಿನ ಹೆಸರು ಈಗ ಉಳಿದಿರುವುದು ಬ್ಯಾಂಕ್ ಆಫ್ ಬರೋಡಾದ ಸಂಕೇತದೊಳಗೆ, ಆ ಸೊನ್ನೆಯ ಪಕ್ಕದ ‘ವಿಜೆ’ ಎಂಬ ಎರಡು ಅಕ್ಷರಗಳಲ್ಲಿ. ಅಂಕಿತನಾಮಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಕನ್ನಡದ್ದೇ ಆದ ತೊಡಕೂ ಒಂದಿದೆ. ೧೨ ಎಂದು ಕನ್ನಡ ಅಂಕಿಯಲ್ಲಿ ಬರೆದದ್ದೂ 12 ಎಂದು ಬರೆದದ್ದೂ ಪಠ್ಯವಾಗಿ ಬೇರೆ ಬೇರೆ. ‘ಕೋ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ಸಂಕೇತಗಳ ಜೋಡಣೆಯಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ, ಹೋಲಿಕೆಯಲ್ಲಿ ಎರಡು. ಗುರುತನ್ನು ಪಠ್ಯವಾಗಿ ಇಡಿ ಎಂದು ವಾದಿಸುವವನು ಇದನ್ನು ಒಪ್ಪಿಕೊಳ್ಳಬೇಕು: ಪಠ್ಯಕ್ಕೂ ಶಿಸ್ತು ಬೇಕು, ಒಳಗೆ ಹೋಗುವ ಮುನ್ನ ಅದನ್ನು ಒಂದು ನಿಶ್ಚಿತ ರೂಪಕ್ಕೆ ತರಬೇಕು. ಇನ್ನೊಂದು ಆಕ್ಷೇಪವೂ ನ್ಯಾಯವೇ. ಪಠ್ಯವಾಗಿ ಜೋಡಿಸಿದರೆ 1ರ ನಂತರ 10 ಬರುತ್ತದೆ, 100 ಬರುತ್ತದೆ, ಆಮೇಲೆ 2. ನಿಘಂಟಿನ ಕ್ರಮ ಅದು, ಹೊಲದ ಬದುವಿನ ಕ್ರಮವಲ್ಲ. ಅಂಗಗಳನ್ನು ಭೂಮಿಯಂತೆ ಬೇರೆ ಬೇರೆ ಇಟ್ಟರೆ ಈ ತೊಡಕು ಬಹುಪಾಲು ಕರಗುತ್ತದೆ.

ಸಂಖ್ಯೆಯಾಗಿಟ್ಟರೆ ಹುಡುಕಾಟ ವೇಗವಾಗುತ್ತದೆ ಎಂಬ ವಾದವನ್ನೂ ಕೇಳಿದ್ದೇನೆ. ಸ್ವಲ್ಪ ನಿಜ. ಆದರೆ ಹುಡುಕಾಟ ನಿಜಕ್ಕೂ ನಿಧಾನವಾಗುವುದು ಜಾತಿ ತಪ್ಪಿದಾಗ. ಪಠ್ಯದ ಕಂಬಸಾಲಿಗೆ ಅಕ್ಷರಕ್ರಮದ ಸೂಚಿ ಇದೆ ಎನ್ನಿ. ಸಂಖ್ಯೆಯಾಗಿ ಕೇಳಿದರೆ ಪ್ರತಿ ಸಾಲನ್ನೂ ಸಂಖ್ಯೆಗೆ ಮಾರ್ಪಡಿಸಿ ನೋಡಬೇಕಾದ್ದರಿಂದ ಆ ಸೂಚಿ ನಿರುಪಯೋಗಿ. ಕಿಟ್ಟೆಲ್ ಕೋಶದಲ್ಲಿ ಐದಕ್ಷರದ ಪದಗಳನ್ನೆಲ್ಲ ಹುಡುಕಿ ಎಂದಂತೆ; ಮೊದಲ ಪುಟದಿಂದ ಕೊನೆಯವರೆಗೆ ತಿರುವದೆ ಗತಿಯಿಲ್ಲ. 2 ಕೋಟಿ ದಾಖಲೆಗಳ ಮುಂದೆ ಇದರ ಬೆಲೆ ಸರತಿ ಸಾಲಿನಲ್ಲಿ ನಿಂತವನಿಗೆ ಗೊತ್ತು. ‘ಸರ್ವರ್ ಡೌನ್’ ಎಂಬ ಮಾತು ಎಷ್ಟೋ ಸಲ ಇಂಥದ್ದೊಂದರ ಸಾರ್ವಜನಿಕ ನಾಮಧೇಯವಾಗಿರಬಹುದು.

ಈಗ ಕರ್ನಾಟಕದಲ್ಲಿ ಪಹಣಿಗಳಿಗೆ ಆಧಾರ್ ಜೋಡಿಸುವ ಕೆಲಸ ನಡೆದಿದೆ. ಒಂದು ಕಡೆ 12 ಅಂಕಿ, ಇನ್ನೊಂದು ಕಡೆ ಓರೆಗೆರೆಯ ಹಿಸ್ಸೆ. ನಡುವೆ ಮನುಷ್ಯ ಊರಿನಲ್ಲಿರಬಹುದು, ಮುಂಬಯಿಯಲ್ಲಿರಬಹುದು, ಎಡಿಸನ್‌ನಲ್ಲಿರಬಹುದು. ಇಂಥ ಜೋಡಣೆಯ ತಂತ್ರಾಂಶವನ್ನು ಯಾವ ಕಚೇರಿ ಸ್ವೀಕರಿಸುವಾಗಲೂ ಪರಿಶೀಲನಾಪಟ್ಟಿಯಲ್ಲಿ ನಾಲ್ಕು ಸಾಲು ಸೇರಿಸಬೇಕೆಂಬುದು ನನ್ನ ಆಗ್ರಹ. 10/1 ಮತ್ತು 10/10 ಎರಡನ್ನೂ ದಾಖಲಿಸಿ, ಬೇರೆ ಬೇರೆಯಾಗಿ ಕೇಳಿ. 007 ಎಂದು ದಾಖಲಿಸಿ, 7 ಎಂದು ಕೇಳಿ. ಇಲ್ಲ ಎಂಬ ಉತ್ತರ ಬರಬೇಕು. 12 ಎಂದು ಕೇಳಿದಾಗ 12/2ರ ಮಾಲಿಕನ ಹೆಸರು ಕಾಣಿಸಬಾರದು. ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿ, ಮತ್ತೆ ಏರಿಸಿ, ಮೂಲದೊಡನೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಇದಕ್ಕೆ ತಜ್ಞರ ಸಮಿತಿ ಬೇಕಾಗಿಲ್ಲ. ಊಟದ ವಿರಾಮಕ್ಕೆ ಮೊದಲು ಇಬ್ಬರು ಗುಮಾಸ್ತರು ಮಾಡಿ ಮುಗಿಸಬಹುದು. ಅದುವರೆಗೆ ಊರಿನ ಹಳೆಯ ಕೈಬರಹದ ಪಹಣಿ, ಪಾಲುಪಟ್ಟಿಗಳು ಟ್ರಂಕಿನಲ್ಲಿದ್ದರೆ ಅವುಗಳನ್ನು ಎಸೆಯಬೇಡಿ. ಓರೆಗೆರೆ ಎಲ್ಲಿತ್ತೆಂಬುದಕ್ಕೆ ಕೊನೆಗೆ ಸಾಕ್ಷಿ ಹೇಳುವುದು ಆ ಕಾಗದವೇ.